ಮಂಗ ಓಡಿಸುವ ಬಂದೂಕು

ಹೈದರಾಬಾದಿನ ಕಣ್ಣಾಸ್ಪತ್ರೆಯಲ್ಲಿ ಪೊರೆ ತೋರಿಸಲು ಕೂತಿದ್ದೆ. ಪೈಪಿನಿಂದ ಮನೆಯಲ್ಲೇ ಮಾಡುವ, ಢಂ ಎಂದು ಸಿಡಿಯುವ ಕಾರ್ಬೈಡ್ ಬಂದೂಕನ್ನು ನಿಷೇಧಿಸಬೇಕೋ ಬೇಡವೋ ಎಂದು ಗೋಡೆಯ ಟೀವಿಯಲ್ಲಿ ನಾಲ್ಕು ಜನ ಕೂಗಾಡುತ್ತಿದ್ದರು. ನನ್ನ ಪಕ್ಕದಲ್ಲಿ ವಾಚ್‌ಮನ್ ಅಂಗಿ ತೊಟ್ಟವನೊಬ್ಬ ಒಂದು ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದ. ಜೊತೆಗೆ ಅವನ ಹೆಂಡತಿ.

“ಡಾಕ್ಟರ್ ಕೇಳಿದ್ರ ಕಲ್ಲು ಸಿಡೀತು ಅಂತೀನಿ,” ಎಂದ ಆತ.

“ಯಾಕ್ರಿ? ಮಂಗ್ಯಾ ಓಡಸಾಕ ಪೈಪಿನ ಬಂದೂಕು ಮಾಡು ಅಂದವರು ಅಪಾರ್ಟ್‌ಮೆಂಟಿನ ಸೆಕ್ರೆಟ್ರಿ ಸಾಹೇಬ್ರ ಅಲ್ಲೇನು?”

“ಈಗ ನಮಗ ಗೊತ್ತೇ ಇಲ್ಲ ಅನ್ನಾಕತ್ತಾರ. ಖರೇ ಹೇಳಿ ಪೊಲೀಸರು ಬಂದ್ರ ಸಾಹೇಬ್ರು ನಮ್ಮ ರೂಮು ಖಾಲಿ ಮಾಡಸ್ತಾರ.”

“ಮೊದಲನೇ ಸಲ ಢಂ ಅಂದಾಗ ಬಾಲ್ಕನ್ಯಾಗ ನಿಂತು ಚಪ್ಪಾಳಿ ಹೊಡದ್ರು. ಆವಾಗ ಗೊತ್ತಿತ್ತೇನು?”

“ಸಣ್ಣಕ ಮಾತಾಡು.”

“ಕಲ್ಲು ಅಂದ್ರ ಕಲ್ಲಿನ ಔಷಧ ಹಾಕ್ತಾರ್ರಿ. ಸುಟ್ಟದ್ದು ಕಾರ್ಬೈಡು. ಕಣ್ಣ ಹೋತಂದ್ರ ವಾಚ್‌ಮನ್ ಕೆಲಸ ಯಾರು ಕೊಡ್ತಾರ?”

ಆತ ಬಟ್ಟೆಯನ್ನು ಮಡಚಿ ಮತ್ತೆ ಕಣ್ಣಿಗೆ ಒತ್ತಿಕೊಂಡ.

“ಭಾಳ ಉರಿಯಾಕತ್ತೈತಿ.”

ಬಾಗಿಲಲ್ಲಿ ನರ್ಸ್ ಬಂದು “ಮೌನಪ್ಪ!” ಎಂದು ಕೂಗಿದಳು. ಹೆಂಡತಿ ಅವನ ರಟ್ಟೆ ಹಿಡಿದು ಎಬ್ಬಿಸಿದಳು.

“ನೀವು ಕಣ್ಣ ತೋರಸ್ರಿ ಸಾಕು. ಹೇಳೂದು ನಾ ಹೇಳ್ತೀನಿ,” ಎನ್ನುತ್ತ ಒಳಗೆ ಕರೆದೊಯ್ದಳು.