ವೈಡನ್‌ರೋಡಿನ ಬಾವಿ

ದುಬೈಯಿಂದ ಆಚೆ ಅಲ್ ಐನ್‌ನಲ್ಲಿ ಖರ್ಜೂರ ತೋಟದ ಮಣ್ಣಿನ ಗೋಡೆ ಉಂಟಲ್ಲ, ಅದರ ಬದಿಯಲ್ಲೇ ಹರ್ಬರ್ಟ್ ದಿನಾ ರಾತ್ರಿ ರೂಮಿಗೆ ನಡೆದು ಹೋಗುತ್ತಿದ್ದದ್ದು. ಗೋಡೆ ಮುಗಿಯುವಲ್ಲಿ ಒಂದು ಹಳೇ ಬಾವಿ. ಬತ್ತಿ ಎಷ್ಟೋ ಕಾಲವಾಗಿತ್ತು. ಯಾರಾದರೂ ಬಿದ್ದಾರು ಅಂತ ಕಬ್ಬಿಣದ ಮುಚ್ಚಳ ಹಾಕಿ ಬೋಲ್ಟ್ ಬಿಗಿದಿದ್ದರು. ರಾಟೆ ಇಲ್ಲ, ಹಗ್ಗ ಇಲ್ಲ... ಇದನ್ನು ನೆನಪಿಟ್ಟುಕೊಳ್ಳಿ.

ಹರ್ಬರ್ಟ್ ಅಂದರೆ ನನ್ನ ದೊಡ್ಡಮ್ಮನ ಮಗ. ಉಡುಪಿಯ ಮಿಶನ್ ಕಾಂಪೌಂಡಿನವ. ಸುಜಿತ್, ಹೆಸರು ಕೇಳಿ ನಗಬೇಡ. ನಗುವುದಾದರೆ ಹೋಗಿ ಪಾತ್ರೆ ತೊಳೆ, ಇವತ್ತು ನಿನ್ನದೇ ಪಾಳಿ. ಇನ್ನೊಂದು ಮಾತು. ಕತೆ ಮುಗಿದ ಮೇಲೆ ಯಾರೂ 'ಬರ್ತೇನೆ' ಅಂತ ಹೇಳಿ ಏಳಬಾರದು. ಸುಮ್ಮನೆ ಎದ್ದು ನಿಮ್ಮ ನಿಮ್ಮ ಮಂಚಕ್ಕೆ ಹೋಗಿ.

ಎರಡು ಸಾವಿರದ ಹದಿನಾಲ್ಕನೇ ಇಸವಿಯ ಮಾತು. ಹರ್ಬರ್ಟ್‌ಗೆ ಅಲ್ಲಿ ಒಬ್ಬ ಜರ್ಮನ್ ಅಜ್ಜನನ್ನು ನೋಡಿಕೊಳ್ಳುವ ಕೆಲಸ. ಅಜ್ಜನ ಮಗಳು ಡಾಕ್ಟರ್, ಅಪ್ಪನನ್ನು ಜೊತೆಗೆ ಇಟ್ಟುಕೊಂಡಿದ್ದಳು. ಮೊದಲ ದಿನ ಇವನ ಹೆಸರು ಕೇಳಿಯೇ ಅಜ್ಜ ಇವನನ್ನು ಹತ್ತಿರ ಕರೆದು ಮುಖ ನೋಡಿದನಂತೆ. "ಹರ್ಬರ್ಟ್? ಅದು ನನ್ನ ಅಣ್ಣನ ಹೆಸರು." ನಮ್ಮವರಿಗೆ ಆ ಹೆಸರು ಬಂದದ್ದು ಜರ್ಮನ್ ಪಾದ್ರಿಗಳಿಂದ. ಹೆಸರಿನ ಜೊತೆ ಇನ್ನೇನು ಬರ್ತದೆ ಅಂತ ಯಾರಿಗೆ ಗೊತ್ತು...

ಅಜ್ಜನದ್ದು ಒಂದೇ ಮಾತು, ಅವನ ಊರು. ವೈಡನ್‌ರೋಡ್. ನಕ್ಷೆಯಲ್ಲಿ ನೊಣ ಕೂತರೆ ಮುಚ್ಚಿಹೋಗುವಷ್ಟು ಹಳ್ಳಿ. ಒಂದು ಚರ್ಚು, ಒಂದಷ್ಟು ಗೋಧಿ ಗದ್ದೆ, ಊರ ಮಧ್ಯೆ ಒಂದು ಬಾವಿ. ಹಿಂದೆ ಯಾವುದೋ ಯುದ್ಧದಲ್ಲಿ ಸೈನಿಕರು ಬಂದು ಸುಟ್ಟರಂತೆ. ಆಮೇಲೆ ಪ್ಲೇಗು ಬಂದು ಅರ್ಧ ಊರು ಖಾಲಿಯಾಯಿತಂತೆ. ಆದರೂ ಉಳಿದವರು ಮತ್ತೆ ಮನೆ ಕಟ್ಟಿದರು, ಅದೇ ಬಾವಿಯ ನೀರು ಸೇದಿದರು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ನೀರು ಅಂತ ಅಜ್ಜ ಹೇಳದ ದಿನ ಇಲ್ಲ.

ಅಂಥ ಊರನ್ನು ಮುಗಿಸಿದ್ದು ಕಲ್ಲಿದ್ದಲು. ಊರಿನ ಅಡಿಯಲ್ಲೇ ಸಿಕ್ಕಿತಲ್ಲ! ಗಣಿಯವರು ಪಂಪು ಇಟ್ಟು ನೆಲದ ನೀರನ್ನೆಲ್ಲ ಎಳೆದರು. ಮೊದಲು ಬಾವಿ ಬತ್ತಿತು. ಆಮೇಲೆ ಜನ ಹೋದರು. ಚರ್ಚು ಕೆಡವಿದರು. ಸಮಾಧಿಗಳನ್ನೂ ಅಗೆದು ಬೇರೆ ಕಡೆ ಸಾಗಿಸಿದರು. ಈಗ ಅಲ್ಲಿ ಊರಿಲ್ಲ, ದೊಡ್ಡ ಹೊಂಡ. ಖಲಾಸ್.

ಸಮಾಧಿ ಅಗೆದಾಗ ಅಜ್ಜನ ತಾಯಿಯದ್ದರಲ್ಲಿ ಏನೂ ಸಿಗಲಿಲ್ಲವಂತೆ. ಒಂದು ಎಲುಬೂ ಇಲ್ಲ.

ಆ ತಾಯಿಯ ದೊಡ್ಡ ಮಗ ಹರ್ಬರ್ಟ್ ಹಿಟ್ಲರನ ಯುದ್ಧಕ್ಕೆ ಹೊರಟವ ಬಾವಿಕಟ್ಟೆಯ ಹತ್ತಿರ ನಿಂತು, ಮತ್ತೆ ಕಾಣುವಾ ಅಂದಿದ್ದ. ಅವರ ಭಾಷೆಯಲ್ಲಿ ಹೊರಡುವಾಗ ಹಾಗೇ ಹೇಳುವುದು. ನಮ್ಮ ಹರ್ಬರ್ಟ್ ಹೇಳಿದ, "ನಾವು 'ಬರ್ತೇನೆ' ಅಂತೇವೆ." ಹೋಗುವಾಗ ಬರ್ತೇನೆ ಅನ್ನುವುದಾ ಅಂತ ಅಜ್ಜ ನಕ್ಕನಂತೆ. ನಕ್ಕದ್ದು ಅದೊಂದೇ ಸಲ. ಆ ಮಗ ವಾಪಸು ಬರಲಿಲ್ಲ. ತಾಯಿ ಸಾಯುವ ತನಕ ದಿನಾ ಸಂಜೆ ಮರದ ಚಪ್ಪಲಿ ಮೆಟ್ಟಿಕೊಂಡು ಹೋಗಿ ಬಾವಿಯ ಹತ್ತಿರ ನಿಂತು ಅವನ ಹೆಸರು ಕರೆಯುತ್ತಿದ್ದಳಂತೆ.

"ಕಾಯಲಿಕ್ಕೂ ಒಂದು ಜಾಗ ಬೇಕಲ್ಲ," ಅಂದನಂತೆ ಅಜ್ಜ. "ಬಾವಿಯೇ ಹೋಯಿತು. ಈಗ ಅವಳು ಎಲ್ಲಿ ನಿಲ್ಲಬೇಕು?"

ಆಗ ಲೀಲಮ್ಮ, ಹರ್ಬರ್ಟನ ಹೆಂಡತಿ, ಊರಲ್ಲಿ ತುಂಬಿದ ಬಸುರಿ. ಹೆರಿಗೆಯ ಮೊದಲು ಬಂದೇ ಬರ್ತೇನೆ ಅಂತ ಫೋನಿನಲ್ಲಿ ಮಾತು ಕೊಟ್ಟಿದ್ದ. ರಜೆ ಸಿಕ್ಕಿತ್ತು, ಟಿಕೆಟೂ ಆಗಿತ್ತು. ಆ ವಾರವೇ ಒಂದು ರಾತ್ರಿ ನನಗೆ ಫೋನ್ ಬಂತು. ಪಿಸುಗುಟ್ಟುತ್ತಿದ್ದ.

"ಬಾವಿಯಲ್ಲಿ ಯಾರೋ ನೀರು ಸೇದುತ್ತಿದ್ದಾರೆ ಮಾರಾಯ."

"ಯಾವ ಬಾವಿ?"

"ಮುಚ್ಚಿದ ಬಾವಿ... ಕಿರ್... ಕಿರ್... ಅಂತ ರಾಟೆ. ಆಮೇಲೆ ಕೆಳಗೆ ದುಡುಂ ಅಂತು. ಮರದ ಚಪ್ಪಲಿ ಹಾಕಿ ಯಾರೋ ನಡೆದ ಹಾಗೆ, ಟೊಕ್... ಟೊಕ್..."

"ಮತ್ತೆ?"

"ನನ್ನ ಹೆಸರು ಕರೆದಳು. ಮುದುಕಿ ಸ್ವರ."

"ನೀನು ಓಗೊಟ್ಟೆಯಾ?"

"ಹೆದರಿಕೆಯಲ್ಲಿ ಓಡಬೇಕು ಅಂತ ಇದ್ದೆ... ಬಾಯಿಗೆ ಬಂದುಬಿಟ್ಟಿತು. ಬರ್ತೇನೆ ಅಮ್ಮ, ಅಂದೆ."

ನೋಡಿ, ಸಾವಿನ ಮನೆಯಿಂದ ಏಳುವಾಗ ಕೂಡ ನಾವು ಆ ಮಾತು ಆಡುವುದಿಲ್ಲ. ಅವನು ಸತ್ತವಳಿಗೇ ಆಡಿಬಿಟ್ಟ. ಅವಳಿಗೆ ಕನ್ನಡ ಎಲ್ಲಿ ಗೊತ್ತು ಅಂತ ಕೇಳಬೇಡಿ. ಅಷ್ಟು ವರ್ಷ ಕಾದವಳಿಗೆ ಯಾವ ಭಾಷೆಯಾದರೇನು?

ಮರುದಿನ ಅಜ್ಜನಿಗೆ ಹೇಳಿದನಂತೆ. ಅಜ್ಜ ಇವನ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. "ಅಮ್ಮ ರಾತ್ರಿ ಕಿಟಕಿ ಹತ್ತಿರ ಬರ್ತಾಳೆ. ಹರ್ಬರ್ಟ್ ಎಲ್ಲಿ ಅಂತ ಕೇಳಿದಳು. ಇಲ್ಲೇ ಇದ್ದಾನೆ ಅಂದುಬಿಟ್ಟೆ."

ಆಮೇಲೆ ಹರ್ಬರ್ಟ್ ಆ ದಾರಿ ಬಿಟ್ಟ. ಸುತ್ತು ಹಾಕಿ ರೂಮಿಗೆ ಹೋದ. ಊರಿಗೆ ಹೊರಡುವ ರಾತ್ರಿ ದುಬೈ ಏರ್‌ಪೋರ್ಟಿಗೆ ಟ್ಯಾಕ್ಸಿ. ಓಡಿಸಿದ್ದು ನಮ್ಮ ಉಳ್ಳಾಲದ ಮಮ್ಮು. ಮಮ್ಮು ನನಗೆ ಎದುರೆದುರು ಹೇಳಿದ್ದು ಇದು. ರಸ್ತೆ ರಿಪೇರಿ ಅಂತ ಪೊಲೀಸರು ಗಾಡಿ ತಿರುಗಿಸಿದರು. ತೋಟದ ಗೋಡೆಯ ಬದಿಗೇ ಬರಬೇಕಾಯಿತು. ಹರ್ಬರ್ಟ್ ನಿಲ್ಲಿಸು ಅಂದ.

"ಯಾರೋ ಕರೀತಿದ್ದಾರೆ, ಮಮ್ಮು."

"ನನಗೆ ಎಂತ ಕೇಳುವುದಿಲ್ಲ. ಯಲ್ಲಾ, ಹೊರಡುವಾ, ಫ್ಲೈಟಿಗೆ ತಡ ಆಗ್ತದೆ."

"ಒಂದು ನಿಮಿಷ. ಬರ್ತೇನೆ."

ಇಳಿದು ಹೋದ. ಸೂಟ್‌ಕೇಸು ಡಿಕ್ಕಿಯಲ್ಲೇ ಇತ್ತು.

ಮಮ್ಮು ಕಾದ, ಹಾರ್ನ್ ಹೊಡೆದ, ಆಮೇಲೆ ಟಾರ್ಚು ಹಿಡಿದು ಹೋಗಿ ನೋಡಿದ. ಹರ್ಬರ್ಟ್ ಬಾವಿಕಟ್ಟೆಗೆ ಒರಗಿ ಕೂತಿದ್ದ. ಜೀವ ಇರಲಿಲ್ಲ. ಮುಚ್ಚಳ ಹಾಗೇ ಇತ್ತು, ಬೋಲ್ಟ್‌ಗಳೂ. ಹಾರ್ಟ್ ಅಟ್ಯಾಕ್ ಅಂತ ಬರೆದರು. ಇರಬಹುದು. ಆದರೆ ಮೈಮೇಲಿನ ಅಂಗಿ ಪೂರ್ತಿ ಒದ್ದೆ. ಬೆವರಲ್ಲ. ಸುತ್ತ ಮರಳು ಒಣಗಿ ಗರಿಗರಿ ಇತ್ತು ಅಂತ ಮಮ್ಮು ಆಣೆ ಹಾಕುತ್ತಾನೆ.

ಬಾಡಿ ಊರಿಗೆ ತೆಗೆದುಕೊಂಡು ಹೋದದ್ದು ನಾನೇ. ಲೀಲಮ್ಮ ಅಳಲಿಲ್ಲ. "ಬರ್ತೇನೆ ಅಂದಿದ್ರು," ಅಂದಳು, ಅಷ್ಟೇ. ನನಗೆ ಆ ಮುದುಕಿಯ ಮೇಲೆ ಸಿಟ್ಟು ಮಾಡಲಿಕ್ಕೂ ಆಗುವುದಿಲ್ಲ. ಇಬ್ಬರಿಗೂ ಅವನು ಕೊಟ್ಟದ್ದು ಅದೇ ಮಾತು. ಒಬ್ಬಳ ಹತ್ತಿರ ಹೋದ.

ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ ಆ ಅಂಗಿಯನ್ನು ಲೀಲಮ್ಮ ಹಿತ್ತಲ ಹಗ್ಗದಲ್ಲಿ ಹರಡಿದಳು. ಏಪ್ರಿಲ್ ತಿಂಗಳ ಬಿಸಿಲು. ಸಂಜೆಗೂ ಒದ್ದೆ. ಮರುದಿನವೂ ಒದ್ದೆ. ಮಗು ಹುಟ್ಟಿತು, ನಡೆಯಲಿಕ್ಕೂ ಕಲಿಯಿತು. ಅಂಗಿ ಈಗ ಬಚ್ಚಲ ಗೂಟದಲ್ಲಿ ಉಂಟು, ಅಡಿಯಲ್ಲಿ ಒಂದು ಬಕೆಟ್ ಇಟ್ಟಿದ್ದಾಳೆ.

ಸುಳ್ಳು ಅಂದರೆ ಅವಳಿಗೇ ಫೋನ್ ಮಾಡಿ ಕೇಳಿ. ಹೋದ ರಜೆಯಲ್ಲಿ ನಾನೇ ಮುಟ್ಟಿ ನೋಡಿದ್ದೇನೆ. ತೋಳು ಹಿಂಡಿದರೆ ನೀರು ಬಂತು. ಬೆರಳು ಬಾಯಿಗಿಟ್ಟೆ...

ಹಲ್ಲು ಜುಮ್ಮೆಂದಿತು.