ಎರಡನೆಯ ಮನೆಗೆ ಸುಣ್ಣ ಹೊಡೆದ ವಿಚಾರ

ಹೆಸರು: ಜಿ. ಶಾಂತಲಾ, ತಂದೆ ಗುರುಸ್ವಾಮಿ. ವಯಸ್ಸು: 23. ಓದು: ಬಿ.ಎ., ಕನ್ನಡ ಸಾಹಿತ್ಯ. ಕೆಲಸ: ತಂದೆಯ ಬೆಲ್ಲದ ಅಂಗಡಿಯಲ್ಲಿ ಸಹಾಯ. ವಾಸ: ಮಾರುಕಟ್ಟೆಯ ಹಿಂಬದಿ, ಉದಕಮಂಡಲ.

ನನಗೆ ತಮಿಳು ಮಾತನಾಡಲು ಬರುತ್ತದೆ, ಬರೆಯಲು ಬಾರದು. ನಾನು ಕನ್ನಡದಲ್ಲೇ ಬರೆದುಕೊಡಬಹುದೆಂದು ಹೆಡ್ ಕಾನ್‌ಸ್ಟೆಬಲ್ ರಾಜೇಂದ್ರನ್ ಅವರು ಒಪ್ಪಿದ್ದರಿಂದ, ನಡೆದದ್ದನ್ನು ಠಾಣೆಯ ಮುಂದೆ ಹೀಗೆ ಅರಿಕೆ ಮಾಡಿಕೊಳ್ಳುತ್ತೇನೆ.

ಈಗಿನ ಮನೆಯನ್ನು ನನ್ನ ತಂದೆ 1997ರಲ್ಲಿ ಬ್ಯಾಂಕ್ ಸಾಲದಿಂದ ಕೊಂಡರು. ಆಗ ಚಹಾ ಎಲೆಗೆ ಬೆಲೆಯಿತ್ತು, ಮನೆಗಳಿಗೂ ಇತ್ತು. ಎಲೆಯ ಬೆಲೆ ಬಿದ್ದಾಗ ಮನೆಗಳ ಬೆಲೆಯೂ ಬಿತ್ತು. ಬ್ಯಾಂಕಿನ ಬಾಕಿ ಈಗ ಮೂರು ಲಕ್ಷ ಹತ್ತು ಸಾವಿರ. ಮನೆಯನ್ನು ಎರಡೂಕಾಲು ಲಕ್ಷಕ್ಕಿಂತ ಹೆಚ್ಚಿಗೆ ಕೇಳಿದವರಿಲ್ಲ. ಮಾರಿದರೂ ಸಾಲ ತೀರುವುದಿಲ್ಲ. ಆದ್ದರಿಂದ ಅದನ್ನು ಬಾಡಿಗೆಗೆ ಕೊಟ್ಟು ಆ ಹಣದಲ್ಲಿ ಕಂತು ಕಟ್ಟುವುದು, ನಾವು ಅಗ್ಗದ ಹಾಳುಮನೆಯೊಂದನ್ನು ಕೊಂಡು ಸರಿಪಡಿಸಿಕೊಂಡು ಇರುವುದು ಎಂದು ತಂದೆ ತೀರ್ಮಾನಿಸಿದರು. ತಾಯಿ ಪುಟ್ಟಲಿಂಗಮ್ಮ ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಕಾಸಿನ ಸರ ಬಿಚ್ಚಿಕೊಟ್ಟರು. ಬಾಡಿಗೆಯವರು ಇದೇ ಫೆಬ್ರವರಿ 15ಕ್ಕೆ ಬರುತ್ತಾರೆ. ಅಷ್ಟರೊಳಗೆ ನಮಗೊಂದು ಸೂರು ಬೇಕಿತ್ತು.

ಎಮ್ಮೆಹಳ್ಳದ ಮುಚ್ಚಿದ ಎಸ್ಟೇಟಿನಲ್ಲಿ ಗುಮಾಸ್ತರಿಗೆಂದು ಕಟ್ಟಿದ ಆರು ಮನೆಗಳು ಒಂದೇ ಸಾಲಿನಲ್ಲಿವೆ. ಆರೂ ಒಂದೇ ಅಳತೆ, ಒಂದೇ ರೂಪ. ಅವುಗಳಲ್ಲೊಂದನ್ನು ಕೊಯಮತ್ತೂರಿನ ನಿರಂಜನ್ ಎಂಬುವರಿಂದ 4-1-2002ರಂದು ನೋಂದಣಿ ಮಾಡಿಸಿಕೊಂಡೆವು. ಅವರು ಬಾಲ್ಯದಲ್ಲಿ ಅಲ್ಲಿದ್ದವರು, ಆಮೇಲೆ ಬಂದಿಲ್ಲ. ಎಲೆ ತೂಗುವ ಶೆಡ್ಡಿನಿಂದ ಎರಡನೆಯ ಮನೆ ಎಂದು ಹೇಳಿ ಕೀಲಿ ಕೊಟ್ಟರು. ತಂದೆ ಮೊದಲೇ ಒಬ್ಬರೇ ಹೋಗಿ ನೋಡಿ ಬಂದು, ಈ ಬೆಲೆಗೆ ಇಷ್ಟು ಗಟ್ಟಿ ಗೋಡೆಯೇ ಎಂದು ದಾರಿಯುದ್ದಕ್ಕೂ ಹಿಗ್ಗಿದ್ದರಂತೆ.

6-1-2002, ಭಾನುವಾರ, ಬೆಳಿಗ್ಗೆ 8ಕ್ಕೆ ಹೋದಾಗ ಕೀಲಿ ತಿರುಗಲಿಲ್ಲ. ತುಕ್ಕು ಎಂದು ತಂದೆ ಸುತ್ತಿಗೆಯಿಂದ ಬೀಗ ಒಡೆದರು. ಅಲ್ಲಿಂದ ಐದು ಭಾನುವಾರ ಕೆಲಸ ಮಾಡಿದೆವು. ಮಾಡಿನ ಹನ್ನೊಂದು ತಗಡು ಬದಲಾಯಿಸಿ ಎರಡು ಸಲ ಸುಣ್ಣ ಹೊಡೆದೆವು. ಎರಡನೆಯ ಭಾನುವಾರ ನಾನು ಸಾಲಿನ ಪೂರ್ವದ ತುದಿಗೆ ನಡೆದು ಹೋಗಿದ್ದೆ. ಅಲ್ಲಿ ಮುರಿದ ಕಂಬವೊಂದರಲ್ಲಿ ತಕ್ಕಡಿ ತೂಗುಹಾಕುವ ಕಬ್ಬಿಣದ ಕೊಕ್ಕೆ ಇತ್ತು. ಈಗಿನ ಶೆಡ್ ಇರುವುದು ಪಶ್ಚಿಮದ ತುದಿಯಲ್ಲಿ. ಮೊದಲು ಶೆಡ್ ಯಾವ ತುದಿಯಲ್ಲಿತ್ತೆಂದು ತಂದೆಯನ್ನು ಕೇಳಬೇಕೆನಿಸಿತು. ತಂದೆ ಮಾಡಿನ ಮೇಲೆ ಹಾಡುತ್ತಿದ್ದರು. ಕೇಳಲಿಲ್ಲ.

ಈ ದಿನ, 10-2-2002, ಬೆಳಿಗ್ಗೆ 7.20ಕ್ಕೆ ತಾಯಿ ಹೊಸ ಒಲೆಯ ಮೇಲೆ ಹಾಲುಕ್ಕಿಸಿದರು. 9.40ಕ್ಕೆ ನಾವು ಪಾಯಸ ಕುಡಿಯುತ್ತಿದ್ದಾಗ, ಪಕ್ಕದ ಹಟ್ಟಿಯ ಚಹಾ ಬೆಳೆಗಾರ ಹಾಲನ್ ಮತ್ತು ಅವರ ಹೆಂಡತಿ ಚಿನ್ನಿ ಬಿತ್ತನೆ ಆಲೂಗಡ್ಡೆಯ ಎರಡು ಮೂಟೆಯೊಂದಿಗೆ ಬಂದರು. ಹಾಲನ್ ಅವರು ಮಾವಿನ ತೋರಣ ನೋಡಿ ಹಿಂದೆ ಸರಿದು, ಬೆರಳು ತೋರಿ ಮನೆಗಳನ್ನು ಎಣಿಸಿ, "ಎನ್ನ ಮನೆ! ಇದು ಎನ್ನ ಮನೆ!" ಎಂದರು. ತಾಯಿ ಅವರನ್ನು ಅತಿಥಿಗಳೆಂದು ತಿಳಿದು ಪಾಯಸ ಕೊಟ್ಟರು. ಅವರು ಅದನ್ನು ಕುಡಿದು ಠಾಣೆಗೆ ಫೋನ್ ಮಾಡಲು ಹೋದರು.

10.30ಕ್ಕೆ ರಾಜೇಂದ್ರನ್ ಅವರು ಬಂದು ನಮ್ಮ ಪತ್ರ ಓದಿಸಿದರು. ಅದರಲ್ಲಿ ಮನೆಯ ಗುರುತನ್ನು ಹಳೆಯ ಪತ್ರದಿಂದ ಹಾಗೆಯೇ ನಕಲು ಮಾಡಿದ್ದರು. ಲಾರಿ ರಸ್ತೆ ಆದಾಗ ಶೆಡ್ಡನ್ನು ಪೂರ್ವದಿಂದ ಪಶ್ಚಿಮಕ್ಕೆ ಸಾಗಿಸಿದ್ದರೆಂದೂ, ನಮ್ಮದು ಪೂರ್ವದ ತುದಿಯಿಂದ ಎರಡನೆಯದೆಂದೂ ಆಗ ತಿಳಿಯಿತು. 140 ಹೆಜ್ಜೆ ನಡೆದು ಹೋದೆವು. ನಮ್ಮ ಕೀಲಿ ತಕ್ಷಣ ತಿರುಗಿತು. ಅರ್ಧ ಮಾಡು ಇರಲಿಲ್ಲ. ಅಡುಗೆಮನೆಯಲ್ಲಿ ಪ್ಲಮ್ ಗಿಡ ಹೂಬಿಟ್ಟಿತ್ತು. ತಂದೆ ಹೊಸ್ತಿಲ ಮೇಲೆ ಕೂತುಬಿಟ್ಟರು.

ಹಾಲನ್ ಅವರು ನಗುತ್ತಾ, ಇಷ್ಟು ಚೆನ್ನಾಗಿ ಸುಣ್ಣ ಹೊಡೆಯುವ ಕಳ್ಳರನ್ನು ತಾನು ನೋಡಿಲ್ಲ, ದೂರು ವಾಪಸು ಪಡೆಯುತ್ತೇನೆ, ಮನೆಯನ್ನು ಮಾತ್ರ ಬಿಟ್ಟುಕೊಡಬೇಕು ಎಂದರು. ತಾಯಿ ಚಿನ್ನಿಯವರ ಕೈ ಹಿಡಿದು, "ಹಾಲುಕ್ಕಿಸ್ಬುಟ್ಟಿವಿ ಕನಕ್ಕಾ," ಎಂದರು.

ಚಿನ್ನಿಯವರು ಗಂಡನ ಕಡೆ ತಿರುಗಿದರು. "ಅವರ ಹಾಲು ಉಕ್ಕಿದ ಮನೆಯಲ್ಲಿ ಮೂಟೆ ಇಡುತ್ತೀರಾ? ಆರು ವರ್ಷದಿಂದ ಒಂದು ತಗಡು ತರುತ್ತೇನೆ ಅಂದಿರಿ, ತಂದಿರಾ? ಆಲೂಗಡ್ಡೆಗೆ ಸುಣ್ಣದ ಗೋಡೆ ಯಾಕೆ? ಹಂದಿ ನುಗ್ಗದಿದ್ದರೆ ಸಾಕು. ಮನೆ ಅದಲುಬದಲು ಮಾಡಿಕೊಡಿ."

ಹಾಲನ್ ಅವರು ಪ್ಲಮ್ ಗಿಡದ ಕಡೆ ನೋಡಿದರು. ಆಮೇಲೆ ಒಪ್ಪಿದರು. ಷರತ್ತು ಒಂದೇ: ತಗಡು ತಾನು ತರುತ್ತೇನೆ, ಆದರೆ ನಾಲ್ಕು ಭಾನುವಾರ ನನ್ನ ತಂದೆಯೇ ಬಂದು ಹೊದಿಸಬೇಕು. ಅದಲುಬದಲಿನ ಪತ್ರವನ್ನು 14ರಂದು ನೋಂದಾಯಿಸುವುದೆಂದೂ, ಖರ್ಚು ಸಮಪಾಲು ಎಂದೂ ಮಾತಾಯಿತು.

ತಂದೆ ಎದ್ದು ಪಂಚೆ ಕೊಡವಿ, "ಎಂಟ್ ಗಂಟೆಗೆ ಬತ್ತೀನಿ ಕನಣ್ಣಾ," ಎಂದರು. "ಈ ಸಲ ಬಾಗಿಲು ನೀವೇ ತೋರ್ಸಿ."

ನನಗೆ ಯಾರ ಮೇಲೂ ದೂರಿಲ್ಲ. ಮೇಲೆ ಬರೆದದ್ದೆಲ್ಲ ನಾನು ಕಂಡದ್ದು, ಕೇಳಿದ್ದು. ಯಾರ ಒತ್ತಾಯವೂ ಇಲ್ಲದೆ ನನ್ನ ಕೈಯಿಂದಲೇ ಬರೆದಿದ್ದೇನೆ, ಓದಿ ನೋಡಿ ಸರಿಯಿದೆಯೆಂದು ರುಜು ಹಾಕಿದ್ದೇನೆ.

ಸ್ಥಳ: ಎಮ್ಮೆಹಳ್ಳ
ದಿನಾಂಕ: 10-2-2002, ಮಧ್ಯಾಹ್ನ 12.50
(ಸಹಿ) ಜಿ. ಶಾಂತಲಾ