ಅಣ್ಣನದು ತಂಗಿಗೆ, ತಂಗಿಯದು ಅಣ್ಣನಿಗೆ

ನಗೋ ಹಾಗಿದ್ರೆ ಈಗಲೇ ನಕ್ಕುಬಿಡಿ, ಆಮೇಲೆ ಹೇಳ್ತೀನಿ. ಇದು ಯಾರೋ ಎಲ್ಲೋ ಕೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು.

ಅಕ್ಕ ಹೊಲಿಗೆ ಯಂತ್ರ ರಿಪೇರಿ ಮಾಡ್ತಾಳಲ್ಲ, ಆ ಅಂಗಡಿ ಶುರು ಮಾಡಿದ್ದು ಅವಳ ಅಣ್ಣ. ಅವನು ತೀರಿಕೊಂಡು ಆಗ ನಾಲ್ಕು ತಿಂಗಳು. ಒಂದು ಮಂಗಳವಾರ ಅಂಗಡಿ ಮುಚ್ಚಿ, ಕತ್ತಲಲ್ಲಿ ಒಬ್ಬಳೇ ಬರ್ತಿದ್ದಳು. ದಾರಿಯಲ್ಲಿ ಒಂದು ಹಳೇ ಬಾವಿ... ಮೇಲೆ ಕಬ್ಬಿಣದ ಮುಚ್ಚಳ. ಅಣ್ಣ ಇದ್ದಾಗ ದಿನಾ ಅಲ್ಲಿ ನಿಂತು, ಟೂಲ್ ಬಾಕ್ಸನ್ನು ಆ ಮುಚ್ಚಳದ ಮೇಲಿಟ್ಟು, ಫೋನಿನಲ್ಲಿ ಮೇಲ್ ನೋಡ್ತಿದ್ದ. ಅಕ್ಕ ಬಾವಿ ದಾಟಿ ಹತ್ತು ಹೆಜ್ಜೆ ಹೋಗಿರಬೇಕು. ಹಿಂದೆ...

ಠಣ್.

ಕಬ್ಬಿಣದ ಮೇಲೆ ಕಬ್ಬಿಣ ಇಟ್ಟ ಸದ್ದು. ತಿರುಗಿದಳು. ಯಾರೂ ಇಲ್ಲ. ಗಂಟೆ ಏಳು ನಲವತ್ತು.

ಹೆದರೋಕೂ ಅವಳಿಗೆ ಪುರಸೊತ್ತಿರಲಿಲ್ಲ ಅನ್ನಿ. ಒಂದು ಹೊಲಿಗೆ ತರಬೇತಿ ಶಾಲೆಯಲ್ಲಿ ನಲವತ್ತು ಯಂತ್ರ, ವರ್ಷವಿಡೀ ಕೆಲಸ. ಅಣ್ಣ ಇದ್ದಾಗಲೇ ಅರ್ಜಿ ಹಾಕಿದ್ದ. ಯಾರಿಗೆ ಕೊಟ್ಟಿದೀವಿ ಅಂತ ಶುಕ್ರವಾರ ಮೇಲ್ ಬರುತ್ತೆ, ಅವತ್ತೇ ಒಪ್ಪಿಗೆ ಬರೆಯದಿದ್ರೆ ಬೇರೆಯವರಿಗೆ. ಅದು ಕೈತಪ್ಪಿದ್ರೆ ಅಂಗಡಿಗೆ ಬಾಗಿಲು ಹಾಕೋದೇ. "ನನ್ನ ವಿಳಾಸ ಬರ್ಕೊಳ್ಳಿ" ಅಂದ್ರೆ, "ಅರ್ಜಿಯಲ್ಲಿರೋದಕ್ಕೇ ಕಳಿಸೋದು" ಅಂತ ಶಾಲೆಯವರದ್ದು ಒಂದೇ ಹಠ. ಅರ್ಜಿಯಲ್ಲಿದ್ದಿದ್ದು ಅಣ್ಣನ ವಿಳಾಸ. ಅವನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ.

ಇಬ್ಬರ ಮೇಲ್ ವಿಳಾಸವೂ ಅಂಗಡಿಯ ವೆಬ್‌ಸೈಟಿನದೇ. ಅದನ್ನು ನೋಡಿಕೊಳ್ಳೋ ಹೋಸ್ಟಿಂಗ್ ಕಂಪನಿಯ ಪುಟದಲ್ಲಿ 'ಫಾರ್ವರ್ಡ್' ಅಂತ ಒಂದು ಜಾಗ ಇದೆ. ಈ ವಿಳಾಸಕ್ಕೆ ಬಂದಿದ್ದನ್ನೆಲ್ಲ ಆ ವಿಳಾಸಕ್ಕೆ ದಾಟಿಸು ಅಂದ್ರೆ ತಾನೇ ದಾಟಿಸುತ್ತೆ. ಆ ಮಂಗಳವಾರ ಮಧ್ಯಾಹ್ನವೇ ಅಕ್ಕ ಅಣ್ಣನದನ್ನು ತನಗೆ ಬರೋ ಹಾಗೆ ಹಾಕಿದ್ದಳು. 'ಯಶಸ್ವಿ' ಅಂತ ಹಸಿರು ಅಕ್ಷರವೂ ಬಂತು. ಯಶಸ್ವಿಯಂತೆ, ಮಣ್ಣು! ಬುಧವಾರ ಭಾವನ ಫೋನಿಂದ ಅಣ್ಣನ ವಿಳಾಸಕ್ಕೆ ಹನ್ನೊಂದು ಸಲ ಕಳಿಸಿ ನೋಡಿದಳು. ಒಂದೂ ಬರಲಿಲ್ಲ.

ಸಹಾಯವಾಣಿಗೆ ಫೋನ್. ನಲವತ್ತು ನಿಮಿಷ ಪೀಪೀ ಸಂಗೀತ. ಕೊನೆಗೊಬ್ಬ ಹುಡುಗಿ ಮೆಲ್ಲಗೆ ಅಂದಳು:

"ಮೇಡಂ, ನಿಮ್ಮ ಅಣ್ಣಂದು ನಿಮಗೆ ಬರುತ್ತೆ. ಆದ್ರೆ ನಿಮ್ಮದು ವಾಪಸ್ ಅವರಿಗೆ ಹೋಗ್ತಿದೆ. ಸುತ್ತಿ ಸುತ್ತಿ ಯಾವ ಮೇಲೂ ಎಲ್ಲೂ ನಿಲ್ತಿಲ್ಲ."

"ನನ್ನದನ್ನ ಅವನಿಗೆ ಹಾಕಿದ್ದು ಯಾರು?"

"ನೀವೇ ಅಲ್ವಾ? ನಿನ್ನೆ ಸಂಜೆ... ಏಳು ನಲವತ್ತಕ್ಕೆ."

ಅಕ್ಕ ಪುಟ ತೆರೆದಳು, 'ತಂಗಿಯದು ಅಣ್ಣನಿಗೆ' ಅನ್ನೋ ಸಾಲು ಅಲ್ಲಿತ್ತು. ಅದನ್ನು ಅಳಿಸಿದಳು, ಪುಟದ ಪಾಸ್‌ವರ್ಡ್ ಬದಲಿಸಿದಳು. ಭಾವ ಕಳಿಸಿದ್ದು ಟಿಣ್ ಅಂತ ಬಂತು. ಅವತ್ತು ಸಂಜೆ ಬಾವಿ ಹತ್ರ ಮತ್ತೆ ಠಣ್... ಆಮೇಲೆ ಟೂಲ್ ಬಾಕ್ಸಿನ ಎರಡು ಕೊಂಡಿ ತೆಗೆದ ಹಾಗೆ, ಟಕ್... ಟಕ್.

ಗುರುವಾರ ಬೆಳಿಗ್ಗೆ ನೋಡಿದ್ರೆ ಅದು ಮತ್ತೆ ಅಲ್ಲೇ ಕೂತಿದೆ! ತಂಗಿಯದು ಅಣ್ಣನಿಗೆ. ಹಿಂದಿನ ಸಂಜೆ ಏಳು ನಲವತ್ತಕ್ಕೆ.

ಈಗ ಅವಳಿಗೆ ಭಯಕ್ಕಿಂತ ಸಿಟ್ಟು ಜಾಸ್ತಿ ಆಯ್ತು. ಯಾಕೆ ಅಂದ್ರೆ, ಬದುಕಿದ್ದಾಗಲೂ ಅವನದು ಇದೇ ಕಾಟ. ಅವಳು ಬರೆದ ಪ್ರತಿ ಮೇಲನ್ನೂ ತಾನೊಂದು ಸಲ ನೋಡಬೇಕು. ನೋಡಿ, "ಯಂತ್ರಕ್ಕೆ ಎಣ್ಣೆ ನಾವೇ ತರ್ತೀವಿ ಅಂತ ಬರೆದ್ಯಾ? ಮರೆತೆ ತಾನೇ?" ಅನ್ನಬೇಕು. ಅವಳೂ ಪ್ರತಿ ಸಲ ಮರೀತಿದ್ದಳು.

ಗುರುವಾರ ಸಂಜೆ ಬಾವಿ ಹತ್ರ ನಿಂತೇಬಿಟ್ಟಳು. ಬ್ಯಾಗನ್ನು ಮುಚ್ಚಳದ ಮೇಲೆ ಕುಕ್ಕಿದಳು.

"ಹೋದ ಮೇಲೂ ನನ್ನ ತಲೆ ತಿನ್ನೋದು ಬಿಡಲ್ವಾ? ನಾಳೆ ಆ ಮೇಲ್ ಬರದಿದ್ರೆ ನಿನ್ನ ಅಂಗಡಿನೇ ಇರಲ್ಲ ಕಣೋ!" ಅಂತ ಕೂಗಿದವಳಿಗೆ ಅಳು ಒತ್ತರಿಸಿ ಬಂತು. ಆಮೇಲೆ ಪಿಸುಗುಟ್ಟಿದಳು: "ನಂಗೆ ಬಿಡು, ಅಣ್ಣ. ಬಂದಿದ್ದನ್ನ ಇಲ್ಲೇ ನಿಂತು ಓದಿ ಹೇಳ್ತೀನಿ."

ಮುಚ್ಚಳದ ಮೇಲಿಂದ ಟಕ್... ಟಕ್. ಕೊಂಡಿ ಹಾಕಿದ ಸದ್ದು.

ಶುಕ್ರವಾರ ಬೆಳಿಗ್ಗೆ ಪುಟದಲ್ಲಿ ಒಂದೇ ಸಾಲಿತ್ತು, ಅಣ್ಣನದು ತಂಗಿಗೆ. ಹನ್ನೊಂದು ಗಂಟೆಗೆ ಶಾಲೆಯ ಮೇಲ್ ಬಂತು. ಕೆಲಸ ಅವಳಿಗೇ. ನಾಲ್ಕು ಸಾಲು ಒಪ್ಪಿಗೆ ಬರೆದು ಕಳಿಸಿದಳು. ಸಂಜೆ ಬಾವಿ ಹತ್ರ ನಿಂತು ಎರಡನ್ನೂ ಗಟ್ಟಿಯಾಗಿ ಓದಿದಳು. ಯಾವ ಸದ್ದೂ ಬರಲಿಲ್ಲ.

ಸೋಮವಾರ ಕೆಲಸಕ್ಕೆ ಹೋದಾಗ ಶಾಲೆಯ ಮೇಡಂ, "ಎಣ್ಣೆ ನೀವೇ ತರ್ತೀವಿ ಅಂತ ಬರೆದಿದ್ದು ಒಳ್ಳೇದಾಯ್ತು, ನಮ್ಮಲ್ಲಿ ಮುಗಿದಿತ್ತು" ಅಂದರಂತೆ. ಅಕ್ಕ ಬರೆದಿರಲಿಲ್ಲ. ಈ ಸಲವೂ ಮರೆತಿದ್ದಳು.

ಸುಳ್ಳಲ್ಲ, ಆಣೆ. ಅವಳು ಕಳಿಸಿದ್ದನ್ನು ಅವಳ ಫೋನಿನಲ್ಲೇ ನೋಡಿದೀನಿ, ನಾಲ್ಕು ಸಾಲು. ಶಾಲೆಯವರು ಪ್ರಿಂಟ್ ತೆಗೆದು ಫೈಲಿಗೆ ಹಾಕಿದಾರೆ, ಅದನ್ನೂ ನೋಡಿದೀನಿ. ಅದರಲ್ಲಿ ಐದಿದೆ.